ಹಂಬಕರ್ ಹಾಕಿದ ಮೇಲೆ ಮೊದಲನೇ ಸ್ಟ್ರಿಂಗ್ ಸೊರಗಿದೆ, ಪಿಕಪ್ ಬದಲಿಸಬೇಕಾ?

ಪ್ರಶ್ನೆ (ಸಾಗರದಿಂದ): ನಮಸ್ಕಾರ ಅಣ್ಣ. ನನ್ನದು ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್, ಟೂ-ಪಾಯಿಂಟ್ ಟ್ರೆಮೊಲೊ (ಎರಡು ಸ್ಕ್ರೂ ಮೇಲೆ ಅಲುಗುವ ಬ್ರಿಜ್, ಅಂದರೆ ಸ್ಟ್ರಿಂಗ್‌ಗಳ ಕೆಳತುದಿ ಕೂರುವ ಭಾಗ) ಇದೆ. ಹೋದ ತಿಂಗಳು ಬ್ರಿಜ್ ಹತ್ತಿರದ ಪಿಕಪ್ (ಸ್ಟ್ರಿಂಗ್ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ತೆಗೆದು ಹಂಬಕರ್ (ಎರಡು ಸುರುಳಿಯ ಪಿಕಪ್) ಹಾಕಿದೆ. ಪಿಕಪ್‌ಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಹಲಗೆ, ಅದೇ ಪಿಕ್‌ಗಾರ್ಡ್, ಕೂಡ ಹೊಸದು. ದಪ್ಪ ಸ್ಟ್ರಿಂಗ್‌ಗಳು ಗುಡುಗುತ್ತವೆ, ಮೊದಲನೇ ಸ್ಟ್ರಿಂಗ್ ಮಾತ್ರ ಸಣ್ಣಗೆ ಕೇಳುತ್ತದೆ. ಬಗ್ಗಿ ನೋಡಿದರೆ ಅದು ಪೋಲ್ (ಪಿಕಪ್‌ನಲ್ಲಿ ಒಂದೊಂದು ಸ್ಟ್ರಿಂಗ್ ಕೆಳಗಿರುವ ಲೋಹದ ಗುಂಡಿ) ಮೇಲೆ ಇಲ್ಲವೇ ಇಲ್ಲ, ಹೊರಗೆ ಹೋಗುತ್ತಿದೆ. ‘ಎಫ್-ಸ್ಪೇಸ್ (ಪೋಲ್‌ಗಳ ಅಂತರ ಜಾಸ್ತಿ ಇರುವ ಪಿಕಪ್) ತಗೋಬೇಕಿತ್ತು’ ಅಂತ ಅಂಗಡಿಯವರು ಅಂದರು, ಅದೂ ದುಡ್ಡು ಎಣಿಸಿಕೊಂಡ ಮೇಲೆ! ಮತ್ತೊಂದು ತಗೊಳ್ಳಲೇಬೇಕಾ?

ಉತ್ತರ (ಶಿವಮೊಗ್ಗದಿಂದ, ಗಿಟಾರ್ ರಿಪೇರಿ ಮಾಡುವವನು): ಸ್ವಲ್ಪ ತಡೀರಿ, ಮೊದಲು ಅಳತೆ ಕಳಿಸಿ. ಪಿಕಪ್‌ನಲ್ಲಿ ಮೊದಲನೇ ಪೋಲ್‌ನ ಎಡ ಅಂಚಿನಿಂದ ಆರನೇ ಪೋಲ್‌ನ ಎಡ ಅಂಚಿಗೆ ಅಳೆಯಿರಿ. ನಡುಮಧ್ಯ ಹುಡುಕುವ ಕಷ್ಟ ಇಲ್ಲ, ಉತ್ತರ ಅದೇ ಬರುತ್ತದೆ. ಸ್ಟ್ರಿಂಗ್‌ಗೆ ಈ ಉಪಾಯ ನಡೆಯಲ್ಲ, ಎರಡರ ದಪ್ಪ ಬೇರೆ. 10-46 ಸೆಟ್ (ಇಂಚಿನ ಸಾವಿರದ ಭಾಗದ ಲೆಕ್ಕ) ಆದರೆ ಒಂದು 0.25 ಮಿ.ಮೀ., ಇನ್ನೊಂದು 1.17. ಸ್ಯಾಡಲ್ (ಬ್ರಿಜ್ ಮೇಲೆ ಸ್ಟ್ರಿಂಗ್ ಕೂರುವ ತುಂಡು) ಹತ್ತಿರ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಎರಡರ ಅರ್ಧರ್ಧ ದಪ್ಪ ಸೇರಿ 0.7 ಕಳೆಯಿರಿ. ವರ್ನಿಯರ್ ಇಲ್ಲದಿದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸ್‌ನ ಸ್ಕೇಲೇ ಸಾಕು. ಎರಡೂ ಕೊನೆಯ ಸ್ಟ್ರಿಂಗ್ ತಂತಮ್ಮ ಪೋಲ್‌ನಿಂದ ಎಷ್ಟೆಷ್ಟು ಆಚೆ ಇವೆ, ಅದನ್ನೂ ಬರೆಯಿರಿ.

ಸಾಗರ: ಪಿಕಪ್ 49.5. ಸ್ಯಾಡಲ್‌ನಲ್ಲಿ 52.5. ಆರನೇ ಸ್ಟ್ರಿಂಗ್ ಪೋಲ್‌ನ ನೆತ್ತಿ ಮೇಲೇ ಇದೆ. ಮೊದಲನೇದು ಸುಮಾರು 2 ಮಿ.ಮೀ. ಹೊರಗೆ.

ಉತ್ತರ: ಸಿಕ್ಕಿತು. ಬೇರೆ ಪಿಕಪ್ ಬೇಡ ಅಂತ ಕಾಣುತ್ತದೆ.

ಎಲ್ಲರೂ ಬ್ರಿಜ್‌ನ 52.5ನ್ನು ಪಿಕಪ್‌ನ 49.5ರ ಪಕ್ಕ ಇಟ್ಟು ‘3 ಮಿ.ಮೀ. ವ್ಯತ್ಯಾಸ’ ಅಂತ ಗಾಬರಿ ಆಗುತ್ತಾರೆ. ಆದರೆ ಪಿಕಪ್ ಇರುವುದು ಸ್ಯಾಡಲ್ ಮೇಲಲ್ಲ, ಅದಕ್ಕಿಂತ 4 ಸೆಂ.ಮೀ. ಮುಂದೆ. ಸ್ಟ್ರಿಂಗ್‌ಗಳು ನಟ್ (ನೆಕ್‌ನ ಮೇಲ್ತುದಿಯ ಪಟ್ಟಿ) ಕಡೆಗೆ ಹೋದಂತೆ ಹತ್ತಿರ ಬರುತ್ತವೆ, ನಟ್‌ನಲ್ಲಿ ಸುಮಾರು 35 ಮಿ.ಮೀ. ಸ್ಯಾಡಲ್‌ನಿಂದ ನಟ್‌ವರೆಗೆ ಒಟ್ಟು ಉದ್ದ 648 ಮಿ.ಮೀ. ಅಂದರೆ 648ಕ್ಕೆ 17.5 ಕಮ್ಮಿಯಾದರೆ 40ಕ್ಕೆ ಎಷ್ಟು? ಒಂದು ಮಿ.ಮೀ. ಚಿಲ್ಲರೆ. ಪಿಕಪ್ ಮೇಲೆ ನಿಮ್ಮ ಸ್ಟ್ರಿಂಗ್‌ಗಳ ಅಂತರ 51.4. ಪಿಕಪ್‌ಗಿಂತ 1.9 ಜಾಸ್ತಿ, ಎರಡು ಕಡೆಗೆ ಹಂಚಿದರೆ ಒಂದೊಂದು ಕಡೆ ಒಂದು ಮಿ.ಮೀ. ಕೂಡ ಇಲ್ಲ. ಅಷ್ಟಕ್ಕೆ ಕಿವಿಗೆ ಏನೂ ಗೊತ್ತಾಗಲ್ಲ. ಅಯಸ್ಕಾಂತದ ಸೆಳೆತ ಪೋಲ್‌ನ ತಲೆಯಷ್ಟೇ ಅಗಲಕ್ಕೆ ನಿಲ್ಲುವುದಿಲ್ಲ, ಸುತ್ತಲೂ ಹರಡಿರುತ್ತದೆ. 1954ರ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್‌ನಲ್ಲಿ ಮೂರೂ ಪಿಕಪ್‌ಗೆ ಪೋಲ್ ಅಂತರ ಒಂದೇ, ಸ್ಟ್ರಿಂಗ್ ಅಂತರ ಮಾತ್ರ ಮೂರು ಜಾಗದಲ್ಲಿ ಮೂರು. ಎಲ್ಲೋ ಒಂದು ಕಡೆ ತಪ್ಪಲೇಬೇಕಲ್ವಾ? ಜನ ಎಪ್ಪತ್ತು ವರ್ಷದಿಂದ ನುಡಿಸುತ್ತಲೇ ಇದ್ದಾರೆ.

ನಿಮ್ಮಲ್ಲಿ ತೊಂದರೆ ಏನೆಂದರೆ ಆ 2 ಮಿ.ಮೀ. ಪೂರ್ತಿ ಒಂದೇ ಕಡೆ ಬಿದ್ದಿದೆ. ಪಿಕಪ್ ದಪ್ಪ ಸ್ಟ್ರಿಂಗ್ ಕಡೆಗೆ ಒಂದು ಮಿ.ಮೀ. ಸರಿದು ಕೂತಿದೆ. ನನ್ನ ಅನುಮಾನ ಆ ಹೊಸ ಪಿಕ್‌ಗಾರ್ಡ್ ಮೇಲೆ.

ತೀರ್ಥಹಳ್ಳಿಯಿಂದ ಒಬ್ಬರು: ನೆಕ್‌ನ ನಾಲ್ಕು ಸ್ಕ್ರೂ ಸಡಿಲ ಮಾಡಿ ಒಂದು ಸಲ ಎಳೆದು ಬಿಗಿ ಮಾಡಿದರೆ ಆಗಲ್ವಾ? ನಾನು ಹಾಗೇ ಮಾಡಿದ್ದೆ.

ಉತ್ತರ: ನಿಮಗೆ ಸ್ಟ್ರಿಂಗ್ ಫ್ರೆಟ್‌ಬೋರ್ಡ್ ಅಂಚಿನಿಂದ ಜಾರುತ್ತಿತ್ತೇನೋ, ಅದಕ್ಕೆ ಅದೇ ಸರಿಯಾದ ಮದ್ದು. ಇಲ್ಲಿ ಕೆಲಸಕ್ಕೆ ಬರಲ್ಲ ಮಾರಾಯ್ರೆ. ನೆಕ್ ಓರೆ ಮಾಡಿ ನಟ್ ಹತ್ತಿರ ಒಂದು ಮಿ.ಮೀ. ಸರಿಸಿದರೂ ಬ್ರಿಜ್ ಪಿಕಪ್ ಮೇಲೆ ಸ್ಟ್ರಿಂಗ್ ಸರಿಯುವುದು 0.06 ಮಿ.ಮೀ., ಒಂದು ಕೂದಲಿನಷ್ಟು.

ಸಾಗರದವರು ಹೀಗೆ ಮಾಡಿ. ಸ್ಟ್ರಿಂಗ್ ಸಡಿಲ ಬಿಟ್ಟು ಪಿಕ್‌ಗಾರ್ಡ್ ಸ್ಕ್ರೂಗಳನ್ನೆಲ್ಲ ಅರ್ಧ ಬಿಚ್ಚಿ. ಪ್ಲಾಸ್ಟಿಕ್ ಸಣ್ಣ ಸ್ಟ್ರಿಂಗ್ ಕಡೆಗೆ ಸರಿಯುತ್ತದಾ ನೋಡಿ. ಸರಿದರೆ ಅಲ್ಲೇ ಹಿಡಿದು ಬಿಗಿ ಮಾಡಿ, ಮುಗಿಯಿತು. ಸರಿಯದಿದ್ದರೆ ಪಿಕಪ್ ನೇತಾಡುವ ಎರಡು ಸ್ಕ್ರೂಗಳ ತೂತನ್ನು ಸಣ್ಣ ಅರದಿಂದ ಆ ಕಡೆಗೆ ಒಂದು ಮಿ.ಮೀ. ಉದ್ದ ಮಾಡಿ. ಅರ ಹಾಕುವಾಗ ಪಿಕ್‌ಗಾರ್ಡ್ ಬಿಚ್ಚಿ ಪಿಕಪ್ ಪಕ್ಕಕ್ಕಿಡಿ. ಅರದಲ್ಲಿ ಉಳಿದ ಕಬ್ಬಿಣದ ಪುಡಿ ಅಯಸ್ಕಾಂತಕ್ಕೆ ಅಂಟಿದರೆ ಸುಮ್ನೆ ತಲೆನೋವು. ಆಮೇಲೂ ಮೊದಲನೇದು ಕಮ್ಮಿ ಅನ್ನಿಸಿದರೆ ಆ ಪೋಲ್ ಸ್ಕ್ರೂವನ್ನು ಅರ್ಧ ಸುತ್ತು ಮೇಲೆತ್ತಿ.

ಸಾಗರ: ಹಾಗಾದರೆ ಎಫ್-ಸ್ಪೇಸ್ ಅನ್ನುವುದು ಸುಮ್ನೆ ವ್ಯಾಪಾರವಾ?

ಉತ್ತರ: ಹಾಗೂ ಅಲ್ಲ. ಗಿಬ್ಸನ್ ಮಾದರಿಯ ಹಂಬಕರ್ 49-50ರ ಆಸುಪಾಸು, ಎಫ್-ಸ್ಪೇಸ್ 51ರಿಂದ 53. ಹೊಸದಾಗಿ ಕೊಳ್ಳುವಾಗ ಟ್ರೆಮೊಲೊ ಗಿಟಾರ್‌ನ ಬ್ರಿಜ್ ಜಾಗಕ್ಕೆ ನಾನೂ ಅದನ್ನೇ ಹೇಳುತ್ತೇನೆ, ನೋಡಲೂ ಲಕ್ಷಣ. ಹಳೆ ಮಾದರಿಯ ಆರು ಸ್ಕ್ರೂ ಟ್ರೆಮೊಲೊ ಆದರೆ ಸ್ಟ್ರಿಂಗ್ ಅಂತರ 56 ದಾಟುತ್ತದೆ, ಅಲ್ಲಿ ಸಾಮಾನ್ಯ ಹಂಬಕರ್ ನಿಜಕ್ಕೂ ಕಿರಿದು. ನೆಕ್ ಜಾಗಕ್ಕೆ ಮಾತ್ರ ಎಫ್-ಸ್ಪೇಸ್ ಬೇಡ. ಅಲ್ಲಿ ನಿಮ್ಮ ಸ್ಟ್ರಿಂಗ್‌ಗಳು 48ಕ್ಕೆ ಇಳಿದಿರುತ್ತವೆ. ಈ ಲೆಕ್ಕವೇ ಬೇಡ ಅನ್ನುವವರಿಗೆ ಪೋಲ್ ಬದಲು ಉದ್ದ ಪಟ್ಟಿ ಇರುವ ಬ್ಲೇಡ್ ಪಿಕಪ್ ಇದೆ.

ಹೊಸನಗರದಿಂದ: ನನಗೂ ಮೊದಲನೇ ಸ್ಟ್ರಿಂಗ್ ಮಂಕು. ಆದರೆ ಏನೂ ಬದಲಿಸಿಲ್ಲ. ಮಳೆಗಾಲ ಶುರುವಾದ ಮೇಲೆ ಹೀಗೆ.

ಉತ್ತರ: ಟಾರ್ಚ್ ಬಿಟ್ಟು ಸ್ಟ್ರಿಂಗ್‌ನ ಕೆಳಭಾಗ ನೋಡಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ನಮ್ಮ ಕಡೆ ಜುಲೈನಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಕಬ್ಬಿಣ ಬಿಡುತ್ತದಾ? ಹೊಸ ಸೆಟ್ ಹಾಕಿ. ಸ್ಯಾಡಲ್ ಸ್ಕ್ರೂಗಳಿಗೆ ಹೊಲಿಗೆ ಮಿಷನ್ ಎಣ್ಣೆಯನ್ನು ಕಡ್ಡಿ ತುದಿಯಲ್ಲಿ ಮುಟ್ಟಿಸಿ, ಸುರಿಯಬೇಡಿ.

ಸಾಗರ: ಅಣ್ಣ, ಪಿಕ್‌ಗಾರ್ಡ್ ಸರಿಯಿತು, ಅರ ಬೇಕಾಗಲಿಲ್ಲ. ಈಗ ಎರಡೂ ಕಡೆ ಸಮ. ಅಂಗಡಿಯವರಿಗೆ ಫೋನ್ ಮಾಡಲಾ?

ಉತ್ತರ: ಬಿಡಿ, ನುಡಿಸಿ. ಮುಂದಿನ ಸಲ ಸ್ಟ್ರಿಂಗ್ ತರಲು ಹೋದಾಗ ಹೇಳಿದರಾಯಿತು.