ಸಹಾಯ ಬೇಕು: ಅಪ್ಪನ ಕುಡಿತದ ವಿಷಯ ಡಾಕ್ಟರ್ ಹತ್ರ ಎತ್ತುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿರುವ ನಮ್ಮಪ್ಪನಿಗೆ ಬಿಪಿ, ಶುಗರ್ ಎರಡೂ ಇದೆ. ತಿಂಗಳು ತಿಂಗಳು ಚೆಕಪ್‌ಗೆ ಹೋಗುತ್ತಾರೆ. ದಿನಾ ಸಂಜೆ ಕುಡಿಯುತ್ತಾರೆ, ಇತ್ತೀಚೆಗೆ ಜಾಸ್ತಿ ಆಗಿದೆ. ಡಾಕ್ಟರ್ ಉಪ್ಪು, ಅನ್ನ, ವಾಕಿಂಗ್ ಎಲ್ಲ ವಿಚಾರಿಸುತ್ತಾರೆ. ಕುಡಿತದ ಬಗ್ಗೆ ಮಾತ್ರ ಕೇಳಿದ್ದೇ ಇಲ್ಲ, ಅಪ್ಪನೂ ಹೇಳಿಲ್ಲ. ಅಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಸಣ್ಣ ಕ್ಲಿನಿಕ್ಕು, ಬಾಗಿಲಾಚೆ ಗುರುತಿನವರೇ ಇರುತ್ತಾರೆ. ಮರ್ಯಾದೆ ಪ್ರಶ್ನೆ ಅಲ್ವಾ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2014ರಲ್ಲಿ ಹೇಳಿದ ಪ್ರಕಾರ, ಅಲ್ಲಿ 6 ವಯಸ್ಕರಲ್ಲಿ ಒಬ್ಬರು ಮಾತ್ರ ಡಾಕ್ಟರ್, ನರ್ಸ್ ಹತ್ರ ಕುಡಿತದ ಬಗ್ಗೆ ಮಾತಾಡಿದ್ದರು. ಕೇಳುವುದು ಕಷ್ಟವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಅನ್ನುವ 10 ಪ್ರಶ್ನೆಗಳಿವೆ. ಎಷ್ಟು ಸಲ ಕುಡಿಯುತ್ತೀರಿ, ಒಂದು ಸಲಕ್ಕೆ ಎಷ್ಟು, ಹೀಗೆ. ಒಟ್ಟು 40 ಅಂಕ. 8 ಅಥವಾ ಜಾಸ್ತಿ ಬಂದರೆ ಗಮನ ಕೊಡಬೇಕು ಅಂತ.

ಮನೆಯಲ್ಲೇ ಸುಮ್ನೆ ಕುಡಿತ ಬಿಡಿಸೋಣ ಅಂದರೆ ನನಗೆ ಭಯ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಡಾಕ್ಟರಿಗೆ ಗೊತ್ತಿರಲೇಬೇಕು.

ನಿಮ್ಮಲ್ಲಿ ಯಾರಾದರೂ ಡಾಕ್ಟರಿಗೆ ಮೊದಲೇ ಫೋನ್ ಮಾಡಿಯೋ, ಚೀಟಿ ಬರೆದು ಕೊಟ್ಟೋ ತಿಳಿಸಿದ್ದೀರಾ? ಅಪ್ಪನಿಗೆ ಅವಮಾನ ಆಗದ ಹಾಗೆ ಮಾತು ಹೇಗೆ ಶುರು ಮಾಡಿದಿರಿ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮನೆಯವರೇ ಕರೆ ಮಾಡಿದ್ದರೆ ಏನು ಸಲಹೆ ಸಿಕ್ಕಿತು? ಆ 10 ಪ್ರಶ್ನೆಗಳು ಕನ್ನಡದಲ್ಲಿದ್ದರೆ ದಯವಿಟ್ಟು ಕಳಿಸಿ. ಮುಂದಿನ ಚೆಕಪ್ ಶನಿವಾರ ಇದೆ, ಈ ಸಲ ನಾನೂ ಜೊತೆಗೆ ಹೋಗುತ್ತಿದ್ದೇನೆ.