ಎಸ್ಪೆರಾಂಟೊ ಅನುವಾದ: ಕೊನೆ, ಕೊಟ್ಟೆ, ಹಾಳೆಗೆ ಹೊಸ ಪದ ಮಾಡಬಹುದಾ?

ತೋಟದಮನೆ_ಸಾಗರ:
ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ಅಡಿಕೆ ತೋಟದ ಬಗ್ಗೆ ಹೇಳಿದ್ದನ್ನು ಬರೆದಿಟ್ಟಿದ್ದೆ, ಈಗ ಅದನ್ನು ಎಸ್ಪೆರಾಂಟೊಗೆ, ಅಂದರೆ ಬೇರೆ ಬೇರೆ ದೇಶದವರು ಮಾತಾಡಲಿ ಅಂತ ಕಟ್ಟಿದ ಭಾಷೆಗೆ, ತರುತ್ತಿದ್ದೇನೆ. ಎರಡು ಪುಟ ಮುಗಿಸಿ ಬ್ರೆಜಿಲ್ಲಿನ ಗೆಳೆಯರೊಬ್ಬರಿಗೆ ಕಳಿಸಿದೆ. 'ಮಳೆಗೆ ಮುಂಚೆ ಜ್ಞಾನಕ್ಕೆ ಕೆಸರು ಕಟ್ಟುತ್ತೀರಾ, ಇದು ಗಾದೆಯಾ?' ಅಂತ ಕೇಳಿದ್ದಾರೆ! ನಾನು ಬರೆದದ್ದು ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ, ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವ ವಿಷಯ. ನಾಮಪದ 'ಓ'ದಲ್ಲಿ ಮುಗಿಯಬೇಕಲ್ವಾ, ಹಾಗಾಗಿ ಕೋನೋ, ಕೋತೋ ಅಂತ ಮಾಡಿದ್ದೆ. ಹಾಳೆಗೆ (ಅಡಿಕೆ ಸೋಗೆಯ ಬುಡದ ಒರೆ) ಹಾಲೋ. ಇಂಥವು ಇನ್ನೂ ಹನ್ನೊಂದು ಇವೆ. ಎಲ್ಲಿ ತಪ್ಪಿದೆ?

ಹೊಸನಗರ_ಮಳೆ:
ಕೋನೋ ಅಂದರೆ ಅರಿವು, ಕೋತೋ ಅಂದರೆ ಕೆಸರು. ಹಾಲೋ ಅಂದರೆ ದೊಡ್ಡ ಹಾಲ್. ಮೂರೂ ಮೊದಲೇ ಇರುವ ಪದಗಳು. ನಿಘಂಟು ನೋಡದೆ ಬಾಲ ಅಂಟಿಸಿದರೆ ಹೀಗೇ ಆಗುತ್ತೆ ಮಾರಾಯ.

ತುಂಗೆಯ_ದಡ:
ಹದಿನಾಲ್ಕು ಪದ ಜಾಸ್ತಿ ಆಯ್ತು. ಎರಡು ಪುಟಕ್ಕೆ ಒಂದು ಹೊಸ ಪದವನ್ನು ಓದುವವರು ಖುಷಿಯಿಂದ ಕಲಿಯುತ್ತಾರೆ, ಹದಿನಾಲ್ಕಾದರೆ ಪುಟ ಮುಚ್ಚಿಡುತ್ತಾರೆ. ಎಸ್ಪೆರಾಂಟೊ ಕಟ್ಟಿದ ಜಾಮೆನ್‌ಹಾಫ್ 1887ರಲ್ಲೇ ಈ ಭಾಷೆಯ ಮೇಲಿನ ತನ್ನ ಹಕ್ಕು ಬಿಟ್ಟುಕೊಟ್ಟರು, ಅದು ಎಲ್ಲರ ಸೊತ್ತು. ಅದಕ್ಕೇ ಪದ ಮಾಡಲು ಯಾರ ಅಪ್ಪಣೆಯೂ ಬೇಡ. ಆದರೆ ನಾಲ್ಕು ಮನೆಯವರು ಓಡಾಡುವ ದಾರಿಗೆ ನಾವು ಬೇಲಿ ಹಾಕುವ ಮುಂಚೆ ಒಂದು ಮಾತು ಕೇಳುತ್ತೇವಲ್ಲ, ಹಾಗೆ.

ಎಸ್ಪೆರಾಂಟೊ ವ್ಯಾಕರಣದ ಹದಿನಾರು ನಿಯಮಗಳಲ್ಲಿ ಹದಿನೈದನೆಯದನ್ನು ತೋರಿಸಿ ಹೊರಗಿನ ಪದ ತರಬಹುದು ಅಂತ ತುಂಬಾ ಜನ ವಾದ ಮಾಡುತ್ತಾರೆ. ಅದು ಹೇಳುವುದು ಹೆಚ್ಚಿನ ಭಾಷೆಗಳು ಒಂದೇ ಮೂಲದಿಂದ ತಂದುಕೊಂಡ ಪದಗಳ ಬಗ್ಗೆ. ಟೆಲಿಫೋನ್ ಅಂಥದು. ಕೊಟ್ಟೆ ನಮ್ಮ ನಾಲ್ಕು ತಾಲೂಕು ದಾಟಿದರೆ ಯಾರಿಗೆ ಗೊತ್ತು?

ಅದಕ್ಕೇ ಮೊದಲು ಇರುವುದನ್ನೇ ಜೋಡಿಸಿ. ಪ್ಲೂವೋ ಮಳೆ, ಕೋವ್ರಿ ಮುಚ್ಚು, ಇಲ್ ಅಂದರೆ ಸಾಧನ. ಪ್ಲುವ್‌ಕೊವ್ರೀಲೋ. ಅಡಿಕೆಯ ಕೊಳೆರೋಗ ತಡೆಯಲು ಕೊನೆಗೆ ಕಟ್ಟುವ ಹೊದಿಕೆ ಅಂತ ಒಂದು ಸಾಲು ಸೇರಿಸಿದರೆ ಕೊಟ್ಟೆ ಪೂರ್ತಿ ಬಂತು. ಕೊನೆಗೆ ಗ್ರಾಪೋಲೋ ಇದೆ, ಗೊಂಚಲು ಅಂತ. ಹಾಳೆಗೆ ಎಲೆಯ ಫೋಲಿ, ಒರೆಯ ಇಂಗ್ ಸೇರಿಸಿ ಫೋಲಿಇಂಗೋ. ಅಡಿಕೆ ಒಣಗಿಸುವ ಅಟ್ಟಕ್ಕೆ ಸೆಕಿಗೇಯೋ ಸಾಕು, ಒಣಗಿಸುವ ಜಾಗ.

ಇನ್ನೊಂದು ಮಾತು. ನೀವು ಮಾಡಿದ ಪದವನ್ನು ನೀವೇ ಹೋಗಿ ಎಲ್ಲರೂ ಬಳಸುವ ಪದಪಟ್ಟಿಗೆ ಸೇರಿಸಬೇಡಿ. ಬೇರೆಯವರು ಎತ್ತಿಕೊಂಡು ಬಳಸಲಿ, ಆಮೇಲೆ ಸೇರಲಿ. ನಾನೇ ಒಮ್ಮೆ ಹಾಗೆ ಸೇರಿಸಿ, ಹೊಸದಾಗಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಅದನ್ನು ಹಳೇ ಪದ ಅಂತಲೇ ನಂಬಿದ್ದಳು. ಇವತ್ತಿಗೂ ಬೇಜಾರಿದೆ.

ಕೊಪ್ಪದ_ಕಣಿವೆ:
ಭಾಷೆ ನೋಡಿ ರೀತಿ ಬದಲಾಗುತ್ತೆ. ನಾನು ಸ್ಟಾರ್ ಟ್ರೆಕ್ ಕಥೆಗಳಿಗಾಗಿ ಕಟ್ಟಿದ ಕ್ಲಿಂಗನ್ ಭಾಷೆ ಕಲಿತೆ. ಅಲ್ಲಿ ಹೊಸ ಮೂಲಪದ ಅದನ್ನು ಕಟ್ಟಿದ ಮಾರ್ಕ್ ಒಕ್ರಾಂಡ್ ಕೊಟ್ಟರೆ ಮಾತ್ರ ಒಪ್ಪುತ್ತಾರೆ, ನಾವು ಇರುವುದರಲ್ಲೇ ಸುತ್ತಿ ಬಳಸಿ ಹೇಳಬೇಕು. 2001ರಲ್ಲಿ ಸೋನ್ಯಾ ಲ್ಯಾಂಗ್ ಹೊರತಂದ ಟೋಕಿ ಪೋನಾದಲ್ಲಿ ಇರುವುದೇ ಸುಮಾರು 120 ಪದ, ವಿವರಿಸುವುದೇ ಆ ಭಾಷೆಯ ಸೊಗಸು. ಅಲ್ಲಿ ಸುಮ್ನೆ ಪದ ಹುಟ್ಟಿಸಿದರೆ ಭಾಷೆಯನ್ನೇ ಬಿಟ್ಟ ಹಾಗೆ.

ತೋಟದಮನೆ_ಸಾಗರ:
ತುಂಬಾ ಉಪಕಾರ ಆಯ್ತು. ತಿದ್ದಿದ ಸಾಲು: 'ಆಂತಾವ್ ಲಾ ಪ್ಲೂವೋಯ್ ಓನಿ ಲೀಗಾಸ್ ಪ್ಲುವ್‌ಕೊವ್ರೀಲೋನ್ ಆಲ್ ಚೀಉ ಗ್ರಾಪೋಲೋ.' ಗೆಳೆಯರಿಗೆ ಈಗ ಅರ್ಥವಾಯಿತು, ಕೊಟ್ಟೆ ಯಾವುದರಿಂದ ಮಾಡುತ್ತಾರೆ ಅಂತಲೂ ಕೇಳಿದರು.

ಉಳಿದದ್ದು ಚೊಗರು. ಬಣ್ಣದ ನೀರು ಅಂದರೆ ಅಜ್ಜಿ ಒಪ್ಪಲ್ಲ. ಹಂಡೆಯಲ್ಲಿ ಅದೇ ನೀರಿಗೆ ಮತ್ತೆ ಮತ್ತೆ ಅಡಿಕೆ ಹಾಕಿ ಬೇಯಿಸಿ, ಕೈಗೆ ಅಂಟುವಷ್ಟು ಕೆಂಪಗೆ ಗಟ್ಟಿಯಾಗಬೇಕು. ಆ ವಾಸನೆಗೇ ಸುಗ್ಗಿ ಗೊತ್ತಾಗುತ್ತೆ.

ತುಂಗೆಯ_ದಡ:
ಅದನ್ನು ಬಿಟ್ಟುಕೊಡಬೇಡಿ. ಚೊಗಾರೋ ಅಂತಲೇ ಇಡಿ. ತ್ಸಿಗಾರೋ ಅಂದರೆ ಚುಟ್ಟಾ, ಸದ್ದು ಹತ್ತಿರ ಇದೆ, ಆದರೆ ಈಗ ಬರೆದಿರಲ್ಲ ಹಂಡೆಯ ಸಾಲು, ಅದನ್ನೇ ಮೊದಲ ಸಲ ಪದ ಬರುವಲ್ಲಿ ಹಾಕಿ. ಕನ್ನಡದಿಂದ ತಂದದ್ದು, ತಂದದ್ದು ನಾನು ಅಂತ ಅಡಿಯಲ್ಲಿ ಬರೆಯಿರಿ.