ಗಲ್ಫಿನವರ ಕಾರು, ಮೀಟರಿನಲ್ಲಿ 41 ಸಾವಿರ: ಎಂಜಿನ್ ನಂಬಬಹುದಾ?

ಪ್ರಶ್ನೆ (ಬದಿಯಡ್ಕ ಕಡೆಯ ಸದಸ್ಯರು):
ಮೆಕ್ಯಾನಿಕ್ ಅಣ್ಣನ ಹತ್ತಿರ ಒಂದು ವಿಷಯ ಕೇಳಲಿಕ್ಕಿತ್ತು. ನಮ್ಮ ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳೂರಿಗೆ ಹೋಗಿ ಬರಬೇಕು. ಇಷ್ಟರವರೆಗೆ ಬಾಡಿಗೆ ಕಾರಿನಲ್ಲಿ ಸುಧಾರಿಸಿದೆವು, ಇನ್ನು ಅದು ಪೂರೈಸುವುದಿಲ್ಲ. ನೆರೆಕರೆಯವರೊಬ್ಬರು ದುಬೈಯಲ್ಲಿದ್ದಾರೆ. ಅವರ ಸ್ವಿಫ್ಟ್ ಡೀಸೆಲ್ ಮಾರಲಿಕ್ಕುಂಟು. 2014ರ ಮಾಡೆಲ್, ಒಬ್ಬರೇ ಓನರ್, ಮೀಟರಿನಲ್ಲಿ 41 ಸಾವಿರ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಮಾತ್ರ ಓಡಿಸುವುದು. ಉಳಿದ ಸಮಯ ಅವರ ತಮ್ಮ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತಾರಂತೆ. ನಿನ್ನೆ ಆ ತಮ್ಮನೇ ನಮ್ಮ ಮನೆಗೆ ತಂದು ತೋರಿಸಿದರು. ಬಾನೆಟ್ ಒಳಗೆ ಫಳಫಳ ಹೊಳೀತಿತ್ತು, ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯ್ತು. ದಾರಿ ಮಧ್ಯೆ ಕೈಕೊಡಬಾರದು, ನನಗೆ ಬೇಕಾದ್ದು ಅಷ್ಟೇ. ಇಷ್ಟು ಕಡಿಮೆ ಓಡಿದ ಎಂಜಿನ್ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಾ?

ಉತ್ತರ (ಮೆಕ್ಯಾನಿಕ್, ಕುಂಬಳೆ):
ಅಣ್ಣ, ಕಣ್ಣು ಮುಚ್ಚಿ ಬೇಡ. ಕಾರು ಕೆಟ್ಟದ್ದು ಅಂತ ಹೇಳುವುದಲ್ಲ. ಆದರೆ ನೀವು ನಂಬಿದ್ದು ಮೀಟರನ್ನು. ಅದು ಚಕ್ರ ಎಷ್ಟು ತಿರುಗಿತು ಅಂತ ಹೇಳ್ತದೆ, ಎಂಜಿನಿನ ಒಳಗೆ ಏನಾಗಿದೆ ಅಂತ ಹೇಳುವುದಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇಂಥ ಕಾರು ತುಂಬ. ಹನ್ನೊಂದು ತಿಂಗಳು ಶೆಡ್ಡಿನಲ್ಲಿ, ಒಂದು ತಿಂಗಳು ರೋಡಿನಲ್ಲಿ. ನಿಂತ ಎಂಜಿನಿನಲ್ಲಿ ಆಯಿಲ್ ಎಲ್ಲ ಕೆಳಗೆ ಇಳಿದು ಸಂಪಿನಲ್ಲಿ ಕೂತಿರ್ತದೆ. ಆಮೇಲೆ ಸ್ಟಾರ್ಟ್ ಮಾಡುವಾಗ ಮೊದಲ ಕೆಲವು ಸೆಕೆಂಡು ಮೇಲಿನ ಭಾಗಗಳು ಹೆಚ್ಚುಕಡಿಮೆ ಒಣಗಿದ ಹಾಗೇ ತಿರುಗುವುದು. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವುದು ಒಳ್ಳೆಯದು ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ಅದರಿಂದ ಹಾಳೇ ಜಾಸ್ತಿ. ಡೀಸೆಲ್ ಉರಿದರೆ ನೀರಾವಿ ಹುಟ್ತದೆ. ಎಂಜಿನ್ ಸರಿಯಾಗಿ ಬಿಸಿಯಾದರೆ ಅದು ಹೊರಗೆ ಹೋಗ್ತದೆ, ಐದು ನಿಮಿಷದಲ್ಲಿ ನಿಲ್ಲಿಸಿದರೆ ಒಳಗೇ ನೀರಾಗಿ ಆಯಿಲಿಗೆ ಸೇರ್ತದೆ. ಬ್ಯಾಟರಿಯೂ ತುಂಬುವುದಿಲ್ಲ. ಸ್ಟಾರ್ಟ್ ಮಾಡಲಿಕ್ಕೆ ಹೋದ ಕರೆಂಟು ಕೂಡ ವಾಪಸ್ಸು ಬಂದಿರುವುದಿಲ್ಲ. ಅದಕ್ಕಿಂತ ತಿಂಗಳಿಗೆ ಎರಡು ಸಲ ಇಪ್ಪತ್ತು ಕಿಲೋಮೀಟರ್ ಓಡಿಸಿ ತಂದರೆ ಎಂಜಿನಿಗೆ ಎಷ್ಟೋ ಉಪಕಾರ.

ಈ ಎಂಜಿನ್ ಬಗ್ಗೆ ಹೇಳುವುದಾದರೆ ಜಾತಿ ಒಳ್ಳೆಯದೇ. ಫಿಯಟ್‌ನವರ ವಿನ್ಯಾಸ, 1248 ಸಿಸಿ, ಮಾರುತಿಯವರೂ ಟಾಟಾದವರೂ ವರ್ಷಗಟ್ಟಲೆ ಹಾಕಿದ್ದರು. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದಾಗ ಮಾರುತಿಯವರು ಡೀಸೆಲ್ಲೇ ನಿಲ್ಲಿಸಿದರು. ಆದರೆ ನಮ್ಮಲ್ಲಿ ಪಾರ್ಟು ಈಗಲೂ ಸಿಗ್ತದೆ, ಕೈಯಾಡಿಸಿ ಗೊತ್ತಿರುವ ಮೆಕ್ಯಾನಿಕರೂ ಇದ್ದಾರೆ. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ನಡೆಸಲಿಕ್ಕೆ ಇದಕ್ಕೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲಿನ ಒತ್ತಡದಿಂದ. ಎಂಜಿನಿಗೆ ಗಾಳಿ ತುಂಬುವ ಟರ್ಬೊ ಬದುಕುವುದೂ ಅದೇ ಆಯಿಲಿನಿಂದ. ಆಯಿಲ್ ಬದಲಿಸುವುದು ಹತ್ತು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದು. ‘ಓಡಲೇ ಇಲ್ಲ ಅಲ್ವಾ, ಆಯಿಲ್ ಯಾಕೆ’ ಅಂತ ಮೂರು ವರ್ಷ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಮೊದಲು ಕೇಳಬೇಕಾದ್ದು ಸರ್ವಿಸ್ ಬಿಲ್ಲು. ಬಿಲ್ಲಿನಲ್ಲಿ ತಾರೀಕೂ ಕಿಲೋಮೀಟರೂ ಎರಡೂ ಇರ್ತದೆ, ಮೀಟರ್ ತಿರುಗಿಸಿದ್ದರೂ ಅಲ್ಲೇ ಸಿಕ್ಕಿಬೀಳ್ತದೆ.

ಇನ್ನು ಒಂದು ಮಾತು. ನಿಮ್ಮ ಮನೆಗೆ ಓಡಿಸಿಕೊಂಡು ಬಂದ ಎಂಜಿನ್ ಬಿಸಿ ಇತ್ತು. ಬಿಸಿ ಎಂಜಿನ್ ನೋಡಿದ್ದು ನೋಡದ ಹಾಗೇ. ಹತ್ತು ವರ್ಷದ ಹಿಂದೆ ಪರಿಚಯದವರಿಗೆ ಅಂತ ಒಂದು ಕಾರು ನೋಡಲು ಹೋಗಿದ್ದೆ. ಬ್ರೋಕರ್ ಓಡಿಸಿಕೊಂಡೇ ತಂದಿದ್ದ. ಹೊಗೆ ಇಲ್ಲ, ಶಬ್ದ ಇಲ್ಲ, ಪಿಕಪ್ ಚೆನ್ನಾಗಿತ್ತು, ತಗೊಳ್ಳಿ ಅಂದೆ. ಒಂದು ತಿಂಗಳಾಗುವಾಗ ಅವರ ಫೋನು: ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಡುಗ್ತದೆ, ಬಿಳಿ ಹೊಗೆ ಬರ್ತದೆ, ಆಮೇಲೆ ಸರಿಯಾಗ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೋಗಿತ್ತು. ರಾತ್ರಿಯಿಡೀ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಹನಿಹನಿಯಾಗಿ ಸಿಲಿಂಡರಿಗೆ ಇಳಿದು, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ತೋರ್ತಿತ್ತು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವು. ಅಂದಿನಿಂದ ತಣ್ಣಗಿನ ಎಂಜಿನ್ ನೋಡದೆ ಯಾರಿಗೂ ತಗೊಳ್ಳಿ ಅಂದಿಲ್ಲ.

ಆದ್ದರಿಂದ ಬೆಳಿಗ್ಗೆ ಬೇಗ ಅವರ ಮನೆಗೇ ಹೋಗಿ. ಹೋದ ಕೂಡಲೇ ಬಾನೆಟ್ ತೆಗೆಸಿ ಎಂಜಿನಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರ್ತೇನೆ ಅಂತ ಹೇಳಿ. ತಣ್ಣಗಿದ್ದರೆ ಕೂಲೆಂಟ್ ಹಾಕುವ ಕ್ಯಾಪ್ ತೆಗೆದು ನೋಡಿ (ಬಿಸಿಯಿದ್ದಾಗ ಮುಟ್ಟಲೇಬೇಡಿ, ಮುಖ ಸುಟ್ಟುಕೊಂಡವರಿದ್ದಾರೆ). ಕೂಲೆಂಟ್ ಬಣ್ಣದ್ದಾಗಿ ತಿಳಿಯಾಗಿರಬೇಕು. ತುಕ್ಕಿನ ಕೆಂಪು ನೀರಿದ್ದರೆ ಬಾವಿ ನೀರು ಹಾಕಿ ಓಡಿಸಿದ್ದಾರೆ ಅಂತ ಅರ್ಥ, ಮೇಲೆ ಎಣ್ಣೆ ಪಸೆ ತೇಲ್ತಿದ್ದರೆ ಅಲ್ಲಿಂದಲೇ ಕೈಮುಗಿದು ಬನ್ನಿ. ಆಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಮಗುಚಿ ಹಿಡಿಯಿರಿ. ಬೆಣ್ಣೆಯ ಹಾಗೆ ಬಿಳಿ ಅಂಟು ಇದ್ದರೆ ಆಯಿಲಿಗೆ ನೀರು ಸೇರಿದೆ. ಆದರೆ ನಮ್ಮ ಮಳೆಗಾಲದ ಥಂಡಿಗೆ, ಅದೂ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವ ಕಾರಿನಲ್ಲಿ, ಮುಚ್ಚಳದಲ್ಲಿ ಸ್ವಲ್ಪ ಬಿಳಿ ಇರುವುದು ಸಹಜ. ಅದಕ್ಕೇ ಹೆಡ್ ಗ್ಯಾಸ್ಕೆಟ್ ಅಂತ ಹೆದರಬೇಡಿ. ಗೇಜ್ ಕಡ್ಡಿ ಎಳೆದು ನೋಡಿ. ಕಡ್ಡಿಯಲ್ಲಿ ಆಯಿಲ್ ಕಪ್ಪಗೆ, ಒಂದೇ ಸಮ ಇದ್ದು ಕೂಲೆಂಟೂ ಕಡಿಮೆಯಾಗದಿದ್ದರೆ ಅದು ಬರೀ ಪಸೆ. ಕಡ್ಡಿಯಲ್ಲೂ ಹಾಲು ಹಾಕಿದ ಚಾದ ಬಣ್ಣ ಬಂದರೆ ಕಾರು ಬೇಡ. ಡೀಸೆಲಿನಲ್ಲಿ ಆಯಿಲ್ ಕಪ್ಪಗಿರುವುದು ದೋಷ ಅಲ್ಲ, ಅದನ್ನು ಹೇಳಿ ಬೆಲೆ ಇಳಿಸಲು ಹೋಗಬೇಡಿ.

ಈಗ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಲೈಟೂ ಆಯಿಲ್ ಲೈಟೂ ಉರೀಬೇಕು. ಉರಿಯದಿದ್ದರೆ ಲೈಟು ಕೆಟ್ಟಿರಬಹುದು, ಇಲ್ಲ ಯಾರೋ ಬೇಕಂತಲೇ ತೆಗೆದಿರಬಹುದು. ಸ್ಟಾರ್ಟ್ ಆದ ಮೇಲೆ ಎರಡೂ ಆರಬೇಕು. ಸ್ಟಾರ್ಟ್ ಮಾಡಲಿಕ್ಕೆ ಬೇರೆಯವರನ್ನು ಕೂರಿಸಿ, ನೀವು ಮುಂದೆ ನಿಂತು ಕಿವಿ ಕೊಡಿ. ಡಬ್ಬದಲ್ಲಿ ಸರಪಳಿ ಹಾಕಿ ಅಲುಗಾಡಿಸಿದ ಹಾಗೆ ಶಬ್ದ ಬಂದರೆ ಅದು ಚೈನು, ಎಷ್ಟು ಸೆಕೆಂಡು ಅಂತ ಎಣಿಸಿ. ಆಮೇಲೆ ಹಿಂದೆ ಹೋಗಿ ಸೈಲೆನ್ಸರ್ ನೋಡಿ. ಚಳಿಯ ಬೆಳಿಗ್ಗೆ ಎಂಜಿನ್ ನಡುಗದೆ ಸ್ವಲ್ಪ ಹಬೆ ಮಾತ್ರ ಬಂದು ನಿಂತರೆ ಚಿಂತೆ ಇಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಉರೀತಾ ಇರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುವುದು. ಸ್ಟಾರ್ಟಿನಲ್ಲಿ ಮಾತ್ರ ಬಂದು ಹೋದರೆ ವಾಲ್ವಿನ ಸೀಲು, ಎಕ್ಸಲೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನಿನ ರಿಂಗು ಅಥವಾ ಟರ್ಬೊ. ಕಪ್ಪು ಹೊಗೆ ಡೀಸೆಲ್ ಸರಿಯಾಗಿ ಉರಿಯದೆ ಬರುವುದು. ಏರ್ ಫಿಲ್ಟರ್, ಇಂಜೆಕ್ಟರ್, ಇಜಿಆರ್ (ಸ್ವಲ್ಪ ಹೊಗೆಯನ್ನು ಎಂಜಿನಿಗೇ ವಾಪಸ್ಸು ಕಳಿಸುವ ವಾಲ್ವ್) ಹೀಗೆ ಕಾರಣ ಹಲವು, ರಿಪೇರಿಯೂ ಸಾಧ್ಯ.

ಐಡಲ್‌ನಲ್ಲಿ ಇರುವಾಗಲೇ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು, ಬಿಗಿ ಮಾಡದೆ ಬಾಯಿಯ ಮೇಲೆ ಮಗುಚಿ ಇಡಿ. ಸಣ್ಣಗೆ ಅದುರಿದರೆ ತೊಂದರೆ ಇಲ್ಲ, ಡೀಸೆಲಿನಲ್ಲಿ ಅಷ್ಟು ಇದ್ದದ್ದೇ. ಮುಚ್ಚಳ ಹಾರಿ ಬಿದ್ದು ಬಾಯಿಯಿಂದ ಭುಸುಭುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್. ರಿಂಗು, ಬೋರು ಸವೆದಿದೆ. ಅಂಥ ಎಂಜಿನಿಗೆ ಪೂರ್ತಿ ಕೆಲಸವೇ ಬರುವುದು.

ಓಡಿಸಿ ನೋಡುವಾಗ ಸಮತಟ್ಟು ದಾರಿಯಲ್ಲಿ ಮಾತ್ರ ಓಡಿಸಿ ಬರಬೇಡಿ. ನಮ್ಮಲ್ಲಿ ಏರಿಗೆ ಬರಗಾಲ ಇಲ್ಲ. ನಾಲ್ಕು ಜನ ಕೂತು, ಎಸಿ ಹಾಕಿ, ಮೂರನೇ ಗೇರಿನಲ್ಲಿ ಒಂದು ಉದ್ದ ಏರು ಹತ್ತಿಸಿ. ಸುಮಾರು 2000 ಆರ್‌ಪಿಎಂ ಆಗುವಾಗ ಟರ್ಬೊ ಎಳೆದದ್ದು ಬೆನ್ನಿಗೆ ಗೊತ್ತಾಗಬೇಕು. ಇಳಿಯುವಾಗ ಎಕ್ಸಲೇಟರ್ ಬಿಟ್ಟು ಗೇರಿನಲ್ಲೇ ಇಳಿಸಿ, ಕೆಳಗೆ ಮುಟ್ಟಿದ ಮೇಲೆ ಒಮ್ಮೆ ಒತ್ತಿ ಕನ್ನಡಿಯಲ್ಲಿ ನೋಡಿ. ಆಗ ನೀಲಿ ಹೊಗೆ ಬುಸ್ ಅಂತ ಬಂದರೆ ವಾಲ್ವ್ ಗೈಡಿನಿಂದ ಆಯಿಲ್ ಇಳೀತಾ ಉಂಟು.

ಬಾನೆಟ್ ಒಳಗೆ ಹೊಳಪು ಇತ್ತು ಅಂದಿರಿ. ಲೀಕ್ ಎಲ್ಲಿಂದ ಅಂತ ತೋರಿಸುವುದೇ ಆ ಧೂಳು ಮತ್ತು ಜಿಡ್ಡು. ತೊಳೆದರೆ ಅದು ಹೋಗ್ತದೆ. ಹಾಗಾಗಿ ಓಡಿಸಿ ತಂದ ಮೇಲೆ ಕೆಳಗೆ ಒಂದು ಹಳೆ ಪೇಪರ್ ಹಾಸಿ ಅರ್ಧ ಗಂಟೆ ಬಿಡಿ. ವಯರುಗಳನ್ನು ಇಲಿ ಕಡಿದಿದೆಯಾ ಅಂತಲೂ ನೋಡಿ, ಶೆಡ್ಡಿನ ಕಾರಿಗೆ ಇಲಿಯೇ ದೊಡ್ಡ ಶತ್ರು.

ಪ್ರಶ್ನೆ (ಮಂಜೇಶ್ವರದ ಟೀಚರ್ ಒಬ್ಬರು):
ಅಣ್ಣ, ಇದೇ ಸಂದರ್ಭದಲ್ಲಿ ನನ್ನದೂ ಒಂದು. ಶಾಲೆಗೆ ಮನೆಯಿಂದ ನಾಲ್ಕು ಕಿಲೋಮೀಟರ್. 2021ರ ಬಿಎಸ್6 ಡೀಸೆಲ್ ಒಂದು ಒಳ್ಳೆಯ ರೇಟಿಗೆ ಬಂದಿದೆ. ತೆಗೆಯಲಾ?

ಉತ್ತರ:
ಬೇಡ ಟೀಚರ್. ಬಿಎಸ್6 ಡೀಸೆಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಉಂಟು, ಡಿಪಿಎಫ್ ಅಂತ. ಅದರಲ್ಲಿ ಕೂತ ಮಸಿಯನ್ನು ಎಂಜಿನ್ ತಾನೇ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಡಬೇಕು. ಅದಕ್ಕೆ ಹೈವೇಯಲ್ಲಿ ನಿಲ್ಲಿಸದೆ ಓಡಬೇಕು. ನಾಲ್ಕು ಕಿಲೋಮೀಟರಿನಲ್ಲಿ ಅದು ಅರ್ಧಕ್ಕೆ ನಿಲ್ತದೆ, ಫಿಲ್ಟರ್ ಕಟ್ಟಿಕೊಳ್ತದೆ, ಸುಡಲಿಕ್ಕೆ ಅಂತ ಬಿಟ್ಟ ಡೀಸೆಲ್ ಜಾರಿ ಆಯಿಲಿಗೆ ಸೇರ್ತದೆ. ಅಂಥ ಕಾರು ನೋಡುವವರು ಗೇಜ್ ಕಡ್ಡಿ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆ ಬಂದರೆ ಹೀಗೇ ಓಡಿಸಿದ ಕಾರು ಅದು. ನಿಮಗೆ ಒಂದು ಸಣ್ಣ ಪೆಟ್ರೋಲ್ ಸಾಕು. ಅದನ್ನು ತೆಗೆಯುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಬರ್ತದೆ. ಸಿಲಿಂಡರಿನಿಂದ ಸಿಲಿಂಡರಿಗೆ ವ್ಯತ್ಯಾಸ ಕಡಿಮೆ ಇರಬೇಕು, ಮುಖ್ಯ ಅದೇ. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡ್ತೇವೆ. ಏರಿದರೆ ರಿಂಗು, ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್.

ಪ್ರಶ್ನೆ (ಪೆರ್ಲದ ಸದಸ್ಯರು):
ಪುತ್ತೂರಿನ ಕೆಎ-21 ಕಾರುಗಳು ನಮ್ಮಲ್ಲಿಗಿಂತ ಅಗ್ಗ ಕಾಣ್ತದೆ. ತರಬಹುದಾ?

ಉತ್ತರ:
ತರಬಹುದು, ಆದರೆ ಲೆಕ್ಕ ಪೂರ್ತಿ ಹಾಕಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಬೇಕು. ಇಲ್ಲಿ ಕಾರಿನ ವಯಸ್ಸು ನೋಡಿ ಕೇರಳದ ತೆರಿಗೆ ಕಟ್ಟಿ ಕೆಎಲ್-14 ನಂಬರು ಮಾಡಿಸಬೇಕು. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ಆರ್‌ಸಿಯಲ್ಲಿರುವ ಎಂಜಿನ್ ನಂಬರನ್ನು ಎಂಜಿನಿನ ಮೇಲೆ ಕೊರೆದ ನಂಬರಿನೊಟ್ಟಿಗೆ ಕಣ್ಣಾರೆ ತಾಳೆ ನೋಡಿ.

ಬದಿಯಡ್ಕದವರು, ಮತ್ತೆ:
ಅಣ್ಣ, ನೀವು ಹೇಳಿದ ಹಾಗೆ ಇವತ್ತು ಬೆಳಿಗ್ಗೆ ಆರೂವರೆಗೆ ಹೋದೆ. ಎಂಜಿನ್ ತಣ್ಣಗಿತ್ತು. ಕೂಲೆಂಟ್ ತಿಳಿ ಇತ್ತು. ಮುಚ್ಚಳದಲ್ಲಿ ಸ್ವಲ್ಪ ಬಿಳಿ, ಕಡ್ಡಿಯಲ್ಲಿ ಇಲ್ಲ. ಸ್ಟಾರ್ಟ್ ಮಾಡುವಾಗ ಆ ಸರಪಳಿ ಶಬ್ದ ಬಂತು, ನಾಲ್ಕು ಸೆಕೆಂಡು ಎಣಿಸಿದೆ. ಆಮೇಲೆ ಇಲ್ಲ. ಮುಚ್ಚಳ ಹಾರಲಿಲ್ಲ. ಏರಿನಲ್ಲಿ ಚೆನ್ನಾಗಿ ಎಳೆಯಿತು, ಹೊಗೆ ಇಲ್ಲ. ಕೊನೆಯ ಸರ್ವಿಸ್ ಬಿಲ್ಲು ಮಾತ್ರ ಎರಡೂವರೆ ವರ್ಷ ಹಿಂದಿನದು, 38,600 ಕಿಲೋಮೀಟರಿನಲ್ಲಿ.

ಉತ್ತರ:
ಒಳ್ಳೆಯ ಕೆಲಸ ಮಾಡಿದಿರಿ, ಅಣ್ಣ. ನೀವು ಹೇಳಿದ್ದರಲ್ಲಿ ರಿಂಗು, ಗ್ಯಾಸ್ಕೆಟ್ ಎರಡರ ಭಯವೂ ಕಾಣುವುದಿಲ್ಲ. ಉಳಿದದ್ದು ಚೈನ್ ಒಂದೇ. ವಾರಗಟ್ಟಲೆ ನಿಂತ ಎಂಜಿನಿನಲ್ಲಿ ಒಂದೆರಡು ಸೆಕೆಂಡು ಶಬ್ದ ಬಂದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ನಾಲ್ಕು ಸೆಕೆಂಡು ಸ್ವಲ್ಪ ಹೆಚ್ಚಾಯಿತು. ಎರಡೂವರೆ ವರ್ಷದ ಆಯಿಲ್ ಒಳಗಿದ್ದರೆ ಟೆನ್ಷನರಿಗೆ ಒತ್ತಡ ಸಿಗಲು ತಡವಾಗ್ತದೆ, ಅದರಿಂದಲೂ ಹೀಗಾಗಬಹುದು. ಚೈನೇ ಉದ್ದವಾಗಿದ್ದರೂ ಹೀಗೇ ಆಗ್ತದೆ. ಎರಡನ್ನೂ ಬೇರೆ ಮಾಡಿ ನೋಡಬೇಕು. ಇದನ್ನು ಬಿಟ್ಟು ಓಡಿಸಿದರೆ ಚೈನು ಹಲ್ಲು ತಪ್ಪಿದ ದಿನ ವಾಲ್ವು ಹೋಗಿ ಪಿಸ್ಟನಿಗೆ ಹೊಡೀತದೆ. ಆಸ್ಪತ್ರೆಯ ದಾರಿಯಲ್ಲಿ ನಿಮಗೆ ಅದಾಗಬಾರದು.

ಅಡ್ವಾನ್ಸ್ ಈಗ ಕೊಡಬೇಡಿ. ತಮ್ಮನ ಹತ್ತಿರ ಮಾತಾಡಿ ಹೊಸ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹಾಕಿಸುವ. ಖರ್ಚು ನೀವೇ ಕೊಟ್ಟರೂ ನಷ್ಟ ಇಲ್ಲ. ಆಮೇಲೆ ಐವತ್ತು ಕಿಲೋಮೀಟರ್ ಓಡಿಸಿ ಎರಡು ರಾತ್ರಿ ಸ್ಟಾರ್ಟ್ ಮಾಡದೆ ನಿಲ್ಲಿಸಿ, ಮತ್ತೆ ತಣ್ಣಗೆ ಕೇಳುವ. ಶಬ್ದ ಹೋದರೆ ಕಾರು ತೆಗೆಯಿರಿ. ಹೋಗದಿದ್ದರೆ ಚೈನ್ ಕಿಟ್ ಹಾಕಲು ಪಾರ್ಟಿಗೂ ಕೂಲಿಗೂ ಎಷ್ಟಾಗ್ತದೆ ಅಂತ ನಾನು ಬರೆದು ಕೊಡ್ತೇನೆ, ಅಷ್ಟನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅದೂ 14 ಅಂತಿದ್ದರೆ ಹಲ್ಲು ಎಷ್ಟೇ ಇರಲಿ, ನಾಲ್ಕೂ ಬದಲಿಸಬೇಕು. ಮತ್ತೆ ಕಾರು ನಿಮ್ಮ ಹೆಸರಿಗೆ ಮಾಡಿಸುವ ಫಾರ್ಮ್ 29, 30ಕ್ಕೆ ದುಬೈಯಲ್ಲಿರುವ ಓನರಿನದ್ದೇ ಸಹಿ ಬೇಕು, ತಮ್ಮನದ್ದು ನಡೆಯುವುದಿಲ್ಲ. ಅವರು ಯಾವಾಗ ಬರ್ತಾರೆ ಕೇಳಿಡಿ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನೇ ಸ್ಕ್ಯಾನರ್ ಹಿಡ್ಕೊಂಡು ಬರ್ತೇನೆ. ಶುಕ್ರವಾರ ಆಯಿಲ್ ಬದಲಿಸಿ ಓಡಿಸಿ ತಂದ ಮೇಲೆ, ನಾನು ಬರುವವರೆಗೆ ಯಾರೂ ಕೀ ಮುಟ್ಟದ ಹಾಗೆ ನೋಡಿಕೊಳ್ಳಿ.